ಅನ್ಯ ವಿಶ್ವವಿದ್ಯಾನಿಲಯದಲ್ಲಿ ಅರ್ಧವರ್ಷದ ವ್ಯಾಸಂಗ: ಹೊರಡುವ ಮುನ್ನ ವಿಚಾರಿಸತಕ್ಕ ಸಂಗತಿಗಳು

ವ್ಯವಸಾಯ ಕಾಲೇಜುಗಳಲ್ಲಿ ಓದುತ್ತಿರುವ ಗ್ರಾಮಾಂತರದ ಹುಡುಗರಿಗೂ ಹುಡುಗಿಯರಿಗೂ ತಮ್ಮ ವ್ಯಾಸಂಗದ ಒಂದು ಸೆಮಿಸ್ಟರನ್ನು, ಎಂದರೆ ಹೆಚ್ಚು ಕಡಿಮೆ ಅರ್ಧವರ್ಷವನ್ನು, ಪರದೇಶದ ಮತ್ತೊಂದು ವಿಶ್ವವಿದ್ಯಾನಿಲಯದಲ್ಲಿ ಕಳೆದು ಬರುವ ಸಂದರ್ಭಗಳು ಈಗ ಒದಗುತ್ತಿವೆ. ಇಂತಹ ಸಮಾಚಾರ ಮನೆಗೆ ಬಂದಾಗ ಯಜಮಾನರು ಸಾಧಾರಣವಾಗಿ ಕೇಳುವ ಪ್ರಶ್ನೆಗಳು ಎರಡು: ಹಣವೆಷ್ಟು ಬೇಕು, ಊಟಕ್ಕೇನು ಗತಿ. ಕಾಗದಪತ್ರಗಳಿಗಾಗಿ ಊರಿನ ಮುಖಂಡರ ಬಳಿಗೆ ಬಂದಾಗಲೂ ಮಾತು ಇವೆರಡರ ಸುತ್ತಲೇ ತಿರುಗುವುದು. ಎರಡೂ ಕೇಳತಕ್ಕ ಪ್ರಶ್ನೆಗಳೇ. ಆದರೆ ಇವಕ್ಕೆ ಮೊದಲು ಕೇಳಬೇಕಾದುದು ಬೇರೊಂದಿದೆ. ಅಲ್ಲಿ ಓದಿದ ಪಾಠವು ಇಲ್ಲಿಯ ಲೆಕ್ಕಕ್ಕೆ ಸೇರುವುದೇ, ಸೇರುವುದೆಂದು ಯಾರು ಬರೆದುಕೊಟ್ಟಿದ್ದಾರೆ ಎಂಬುದೇ ಆ ಪ್ರಶ್ನೆ. ಇದಕ್ಕೆ ಉತ್ತರವಿಲ್ಲದೆ ಹೊರಡುವುದು ಪಹಣಿಯನ್ನು ನೋಡದೆ ಜಮೀನು ಕೊಂಡಂತೆ. ನೆಲ ಚೆನ್ನಾಗಿರಬಹುದು, ನೀರೂ ಇರಬಹುದು. ಅದು ತನ್ನದೆಂದು ಹೇಳಲು ಮಾತ್ರ ಆಧಾರವಿರುವುದಿಲ್ಲ.

ವಿಷಯವು ಸ್ಪಷ್ಟವಾಗುವುದಕ್ಕಾಗಿ ಹಾಲೆಂಡ್ ದೇಶದ ವಾಗೆನಿಂಗೆನ್ ಪಟ್ಟಣವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ರೈನ್ ನದಿಯ ಒಂದು ಕವಲಿನ ದಡದಲ್ಲಿರುವ ಈ ಸಣ್ಣ ಪಟ್ಟಣದಲ್ಲಿ 1876ರಲ್ಲಿ ವ್ಯವಸಾಯದ ಶಾಲೆಯೊಂದು ಸ್ಥಾಪಿತವಾಗಿ, 1918ರಲ್ಲಿ ಉನ್ನತ ವಿದ್ಯಾಲಯದ ಪದವಿಗೇರಿತು. ತನ್ನ ನೆಲದ ನಾಲ್ಕನೆಯ ಒಂದು ಪಾಲಿಗೂ ಹೆಚ್ಚು ಭಾಗ ಸಮುದ್ರದ ಮಟ್ಟಕ್ಕಿಂತ ಕೆಳಗಿರುವ ದೇಶವು ಒಡ್ಡು ಕಟ್ಟಿ, ನೀರೆತ್ತಿ, ಆ ನೆಲದಲ್ಲಿಯೇ ಆಲೂಗೆಡ್ಡೆ, ಹುಲ್ಲು, ಹೂವುಗಳನ್ನು ಬೆಳೆಯುತ್ತಿರುವುದನ್ನು ನೋಡುವುದೇ ಒಂದು ಪಾಠ. ನಾನಾ ದೇಶಗಳ ಮಣ್ಣನ್ನು, ಭೂಮಿಯನ್ನು ನೆಟ್ಟಗೆ ಕೊಯ್ದು ತೆಗೆದಂತೆ, ಪದರ ಪದರವಾಗಿ ನಿಲ್ಲಿಸಿ ತೋರಿಸುವ ವಸ್ತುಸಂಗ್ರಹಾಲಯವೊಂದು ಅಲ್ಲಿದೆ. ಕೆಂಪು ಮಣ್ಣು, ಎರೆ ಮಣ್ಣುಗಳನ್ನು ಕಾಲಿನಿಂದ ಮಾತ್ರ ಬಲ್ಲ ವಿದ್ಯಾರ್ಥಿಗೆ ಅದು ಒಂದು ದಿನದ ಕೆಲಸಕ್ಕೆ ಯೋಗ್ಯವಾದ ಸ್ಥಳ.

ಅಲ್ಪಕಾಲದ ಪರದೇಶವಾಸದಿಂದ ಏನು ಪ್ರಯೋಜನವೆಂದು ಶಂಕಿಸುವವರು ಎಂ. ಎಸ್. ಸ್ವಾಮಿನಾಥನ್ ಅವರ ಚರಿತ್ರೆಯನ್ನು ನೆನೆಯಬಹುದು. ಪೊಲೀಸು ಖಾತೆಯ ದೊಡ್ಡ ಹುದ್ದೆಗೆ ಆಯ್ಕೆಯಾಗಿದ್ದರೂ ಅದನ್ನು ಬಿಟ್ಟು, ಅವರು 1949ರಲ್ಲಿ ಯುನೆಸ್ಕೋ ಸಂಸ್ಥೆಯ ವಿದ್ಯಾರ್ಥಿವೇತನದ ಮೇಲೆ ಇದೇ ವಾಗೆನಿಂಗೆನ್ನಿಗೆ ಹೋದರು. ಅಲ್ಲಿದ್ದುದು ಸುಮಾರು ಎಂಟು ತಿಂಗಳು ಮಾತ್ರ. ಯುದ್ಧಕಾಲದಲ್ಲಿ ಆಹಾರದ ಅವಸರಕ್ಕಾಗಿ ಪೈರು ಬದಲಾಯಿಸುವ ಪದ್ಧತಿಯನ್ನು ಕೈಬಿಟ್ಟು ಒಂದೇ ನೆಲದಲ್ಲಿ ಮತ್ತೆ ಮತ್ತೆ ಆಲೂಗೆಡ್ಡೆಯನ್ನು ಹಾಕಿದುದರಿಂದ, ಬೇರಿಗೆ ಹತ್ತುವ ಒಂದು ಬಗೆಯ ಜಂತುಹುಳು ಆ ದೇಶದಲ್ಲಿ ಬಲಿತಿತ್ತು. ಕಾಡುಜಾತಿಯ ಗಿಡಗಳಿಂದ ಅದನ್ನು ತಡೆಯುವ ಗುಣವನ್ನು ಬೇಸಾಯದ ಆಲೂಗೆಡ್ಡೆಗೆ ತರುವ ಕೆಲಸದಲ್ಲಿ ಅವರು ಕೈಪಳಗಿಸಿಕೊಂಡರು. 1950ರಲ್ಲಿ ಕೇಂಬ್ರಿಜ್‌ಗೆ ತೆರಳಿ ಅದೇ ದಾರಿಯಲ್ಲಿ ಮುಂದುವರಿದರು. ಗೋಧಿ ಬತ್ತಗಳ ಕೆಲಸದಿಂದ ದೇಶಕ್ಕೆಲ್ಲ ಪರಿಚಿತರಾದುದು ಆಮೇಲಿನ ಮಾತು. ಅವರ ಕಾಲದಲ್ಲಿ ಇಷ್ಟೊಂದು ನಮೂನೆಗಳನ್ನು ತುಂಬಬೇಕಾಗಿರಲಿಲ್ಲವೆಂಬುದನ್ನೂ ಒಪ್ಪಬೇಕು.

ಈಗಿನ ಏರ್ಪಾಡು ಬೇರೆ ಬಗೆಯದು. ಯೂರೋಪಿನ ರಾಷ್ಟ್ರಗಳು ತಮ್ಮ ತಮ್ಮ ವಿದ್ಯಾರ್ಥಿಗಳನ್ನು ಅದಲು ಬದಲು ಮಾಡಿಕೊಳ್ಳುವುದಕ್ಕಾಗಿ 1987ರಲ್ಲಿ ಎರಾಸ್ಮಸ್ ಎಂಬ ಯೋಜನೆಯನ್ನು ತೊಡಗಿದವು. ರಾಟರ್‌ಡ್ಯಾಮ್ ನಗರದ ಹಳೆಯ ವಿದ್ವಾಂಸರೊಬ್ಬರ ಹೆಸರು ಅದು. ಈಚೆಗೆ ಅದರ ಬಾಗಿಲು ಯೂರೋಪಿನ ಹೊರಗಿನವರಿಗೂ ತೆರೆದಿದ್ದು, ಆಯ್ಕೆಯಾದವರಿಗೆ ಪ್ರಯಾಣದ ವೆಚ್ಚವೂ ತಿಂಗಳ ವೇತನವೂ ದೊರೆಯುವುದು. ಇದಲ್ಲದೆ ಎರಡು ವಿಶ್ವವಿದ್ಯಾನಿಲಯಗಳು ತಮ್ಮೊಳಗೇ ಒಪ್ಪಂದ ಮಾಡಿಕೊಂಡಿರುವುದೂ ಉಂಟು. ಅಂತಹ ಒಪ್ಪಂದವಿದ್ದಲ್ಲಿ ವಿದ್ಯಾರ್ಥಿಯು ತನ್ನ ಕಾಲೇಜಿಗೆ ಮಾತ್ರ ಶುಲ್ಕವನ್ನು ಕಟ್ಟಿದರೆ ಸಾಕು. ಒಪ್ಪಂದವಿಲ್ಲದಿದ್ದರೆ ಹೊರನಾಡಿನವರಿಗೆ ಅವರು ವಿಧಿಸುವ ಪೂರ್ಣ ಶುಲ್ಕವನ್ನು ತೆರಬೇಕು. ಅದು ಇಲ್ಲಿಯ ಶುಲ್ಕದ ಅನೇಕ ಪಟ್ಟು. ಆದುದರಿಂದ ಒಪ್ಪಂದವು ಇದೆಯೇ, ಅದರ ಅವಧಿ ಮುಗಿದಿಲ್ಲವಷ್ಟೆ, ಆ ವಿದ್ಯಾರ್ಥಿಯ ತರಗತಿಗೆ ಅದು ಅನ್ವಯಿಸುವುದೇ ಎಂಬುದನ್ನು ಕಾಲೇಜಿನ ಡೀನರ ಕಚೇರಿಯಲ್ಲಿ ಬರವಣಿಗೆಯ ಮೂಲಕ ತಿಳಿಯತಕ್ಕದ್ದು. ಮಧ್ಯವರ್ತಿಗಳ ಮಾತು ಇದಕ್ಕೆ ಸಾಲದು.

ಇನ್ನು ಪಾಠಗಳ ಲೆಕ್ಕ. ಇಲ್ಲಿಯೂ ಅಲ್ಲಿಯೂ ಪಾಠವನ್ನು ಕ್ರೆಡಿಟ್ ಎಂಬ ಮಾನದಿಂದಲೇ ಅಳೆಯುತ್ತಾರೆ. ಹೆಸರು ಒಂದೇ ಆದರೂ ಅಳತೆ ಒಂದಲ್ಲ. ಹಿಂದೆ ಒಂದು ಸೀಮೆಯ ಕೊಳಗವು ಮತ್ತೊಂದು ಸೀಮೆಯ ಕೊಳಗಕ್ಕೆ ಸರಿಹೋಗದೆ ಸಂತೆಯಲ್ಲಿ ವ್ಯಾಜ್ಯವಾಗುತ್ತಿದ್ದುದನ್ನು ಹಿರಿಯರು ಬಲ್ಲರು, ಇದೂ ಹಾಗೆಯೇ. ಇಲ್ಲಿಯ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ವಾರಕ್ಕೆ ಒಂದು ಗಂಟೆಯ ಉಪನ್ಯಾಸ ಅಥವಾ ಎರಡು ಗಂಟೆಯ ಪ್ರಯೋಗವು ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಹಾಲೆಂಡಿನಲ್ಲಿ ವಿದ್ಯಾರ್ಥಿಯು ತರಗತಿಯಲ್ಲಿಯೂ ಕೊಠಡಿಯಲ್ಲಿಯೂ ಒಟ್ಟು 28 ಗಂಟೆ ದುಡಿದರೆ ಒಂದು ಕ್ರೆಡಿಟ್. ಸೆಮಿಸ್ಟರಿಗೆ ಅಂತಹ 30, ಎಂದರೆ 840 ಗಂಟೆಗಳ ಕೆಲಸ. ವಾಗೆನಿಂಗೆನ್ನಿನಲ್ಲಿ ಒಂದು ವಿಷಯಕ್ಕೆ ಸಾಮಾನ್ಯವಾಗಿ 6 ಕ್ರೆಡಿಟ್ ಇರುವುದು. ಅದನ್ನು ಇಲ್ಲಿಯ ಆರಕ್ಕೆ ಸಮವೆಂದು ವಿದ್ಯಾರ್ಥಿಯು ಭಾವಿಸಿ, ಕಚೇರಿಯವರು ಮೂರಕ್ಕೆ ಸಮವೆಂದು ನಿರ್ಣಯಿಸಿದರೆ, ಹಿಂದಿರುಗಿದ ಮೇಲೆ ವಿಷಯಗಳು ಕಡಮೆಬಿದ್ದು ಮತ್ತೊಂದು ಅರ್ಧವರ್ಷ ಹೋಗುವುದು.

ಇದನ್ನು ತಪ್ಪಿಸುವುದಕ್ಕೆ ಪಾಠಗಳ ಒಪ್ಪಂದಪತ್ರವೆಂಬುದೊಂದು ಉಂಟು. ಅದರಲ್ಲಿ ಒಂದು ಕಡೆ ಅಲ್ಲಿ ಓದುವ ವಿಷಯ, ಎದುರಿಗೆ ಅದು ಇಲ್ಲಿಯ ಯಾವ ವಿಷಯಕ್ಕೆ ಬದಲಾಗಿ ಎಣಿಸಲ್ಪಡುವುದೆಂಬುದು, ಕೆಳಗೆ ವಿದ್ಯಾರ್ಥಿ, ಕಳುಹಿಸುವ ವಿದ್ಯಾಲಯ, ಬರಮಾಡಿಕೊಳ್ಳುವ ವಿದ್ಯಾಲಯ ಈ ಮೂವರ ರುಜು. ಮೂರೂ ರುಜುಗಳು ಬೀಳುವವರೆಗೆ ವಿಮಾನದ ಚೀಟಿಯನ್ನು ಕೊಳ್ಳಬಾರದು. ಅಲ್ಲಿಗೆ ಹೋದ ಮೇಲೆ ಎರಡು ವಿಷಯಗಳ ವೇಳೆ ಒಂದೇ ಆಗಿ, ಒಂದನ್ನು ಬಿಟ್ಟು ಬೇರೊಂದನ್ನು ಹಿಡಿಯಬೇಕಾಗಿ ಬರುವುದು ಅಪರೂಪವೇನಲ್ಲ. ಆಗ ಆ ಬದಲಾವಣೆಗೂ ಮೂವರ ಸಮ್ಮತಿಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಅಧ್ಯಾಪಕರೊಬ್ಬರು ಟೆಲಿಫೋನಿನಲ್ಲಿ ಆಗಬಹುದೆಂದರೆಂಬುದು ಪರೀಕ್ಷಾ ವಿಭಾಗದ ಮುಂದೆ ನಿಲ್ಲುವ ಮಾತಲ್ಲ.

ಅಂಕಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಅಪಾಯವಿದೆ. ಹಾಲೆಂಡಿನಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವರು. ಇಲ್ಲಿಯ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿಯೂ ಹತ್ತರ ಮಾನವೇ. ಆದರೆ ಅಲ್ಲಿ ಹತ್ತು ಎಂಬುದು ಕಣ್ಣಿಗೆ ಬೀಳುವುದೇ ವಿರಳ. ಎಂಟು ಬಂದರೆ ಬಹಳ ಒಳ್ಳೆಯದೆಂದು ಎಣಿಕೆ. ಐದೂವರೆಯನ್ನು ದಾಟಿದರೆ ತೇರ್ಗಡೆ. ಇಲ್ಲಿ ಎಂಟು ಪಡೆದ ವಿದ್ಯಾರ್ಥಿಯನ್ನು ಯಾರೂ ವಿಶೇಷವಾಗಿ ಕೊಂಡಾಡುವುದಿಲ್ಲ. ಅಲ್ಲಿ ಶ್ರಮಪಟ್ಟು ಏಳು ಗಳಿಸಿದ ವಿದ್ಯಾರ್ಥಿಯ ಅಂಕವನ್ನು ಇಲ್ಲಿ ಏಳೆಂದೇ ಇಳಿಸಿಕೊಂಡರೆ ಅವನ ಸರಾಸರಿ ಕುಸಿದು, ಮುಂದಿನ ವ್ಯಾಸಂಗದ ಆಯ್ಕೆಯಲ್ಲಿ ಮನೆಯಲ್ಲಿಯೇ ಉಳಿದವರಿಗಿಂತ ಹಿಂದೆ ಬೀಳುವನು. ಅಂಕವನ್ನು ಹೇಗೆ ಮಾರ್ಪಡಿಸುವರು, ಅಥವಾ ಅಂಕವನ್ನು ಬಿಟ್ಟು ತೇರ್ಗಡೆಯಾದನೆಂದಷ್ಟೇ ಬರೆದುಕೊಳ್ಳುವರೇ ಎಂಬುದನ್ನೂ ಒಪ್ಪಂದಪತ್ರದೊಡನೆ ನಿಶ್ಚಯಿಸಿಕೊಳ್ಳುವುದು ಮೇಲು. ವಿದ್ಯಾರ್ಥಿಗಳು ಅತಿ ಕಡಮೆ ಕೇಳುವ ಪ್ರಶ್ನೆ ಇದು. ಅತಿ ಹೆಚ್ಚು ನಷ್ಟವುಂಟುಮಾಡುವುದೂ ಇದೇ.

ಯಾವ ಅರ್ಧವರ್ಷದಲ್ಲಿ ಹೋಗಬೇಕೆಂಬುದನ್ನು ವಿದ್ಯಾರ್ಥಿಯೊಬ್ಬನೇ ನಿರ್ಧರಿಸಲಾಗದು. ಪದವಿಯ ಕಡೆಯ ವರ್ಷದಲ್ಲಿ ವ್ಯವಸಾಯ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ನೆಲಸಿ ರೈತರೊಡನೆ ಕೆಲಸಮಾಡುವ ಏರ್ಪಾಡನ್ನು ಗ್ರಾಮದ ಮುಖಂಡರು ನೋಡಿಯೇ ಇರುವರು. ಅನೇಕ ಊರುಗಳಲ್ಲಿ ಅವರ ವಸತಿಗೆ ಜಾಗ ಒದಗಿಸಿದವರೂ ಇವರೇ. ಆ ಗ್ರಾಮವಾಸವನ್ನು ತಪ್ಪಿಸಿಕೊಂಡವನಿಗೆ ಪದವಿ ದೊರೆಯುವುದಿಲ್ಲ. ಅದಕ್ಕೆ ಪರದೇಶದ ಯಾವ ಪಾಠವೂ ಬದಲಾಗಿ ನಿಲ್ಲುವುದಿಲ್ಲವೆಂದು ತಿಳಿದೇ ನಡೆಯುವುದು ಕ್ಷೇಮ. ಮೂರನೆಯ ವರ್ಷವೇ ತಕ್ಕ ಕಾಲವೆನ್ನಬಹುದು. ವಾಗೆನಿಂಗೆನ್ನಿನಲ್ಲಿ ಸ್ನಾತಕೋತ್ತರ ತರಗತಿಗಳ ಪಾಠವು ಆಂಗ್ಲಭಾಷೆಯಲ್ಲಿ ನಡೆಯುವುದು. ಕೆಳಗಿನ ತರಗತಿಗಳಲ್ಲಿ ಕೆಲವು ವಿಷಯಗಳು ಡಚ್ ಭಾಷೆಯಲ್ಲಿರುವುದರಿಂದ ಒಂದೊಂದು ವಿಷಯಕ್ಕೂ ಭಾಷೆಯನ್ನು ವಿಚಾರಿಸಬೇಕು. ಅಲ್ಲಿಯ ವರ್ಷವು ಸೆಪ್ಟೆಂಬರ್ ಮೊದಲಲ್ಲಿ ಆರಂಭವಾಗಿ, ಮೊದಲ ಅರ್ಧವು ಜನವರಿಯ ಕೊನೆಯವರೆಗೂ ನಡೆಯುವುದು. ರಾಗಿಯ ಕೊಯ್ಲು, ಹಿಂಗಾರಿನ ಬಿತ್ತನೆ, ಮಲೆನಾಡಿನಲ್ಲಿ ಅಡಕೆಯ ಕೆಲಸ ಎಲ್ಲವೂ ಬರುವುದು ಅದೇ ತಿಂಗಳುಗಳಲ್ಲಿ. ಎರಡನೆಯ ಅರ್ಧಕ್ಕೆ ಹೋದವರು ಮುಂಗಾರು ಬಿತ್ತನೆ ನಡೆದಿರುವಾಗ ಹಿಂದಿರುಗುವರು. ಕಾಲೇಜಿಗೆ ಸಮೀಪದಲ್ಲಿದ್ದು ಸುಗ್ಗಿಯ ಕಾಲಕ್ಕೆ ಊರಿಗೆ ಬಂದು ಲೆಕ್ಕ ನೋಡಿಕೊಳ್ಳುತ್ತಿದ್ದ ಮಗನೋ ಮಗಳೋ ಆ ವರ್ಷ ಇರುವುದಿಲ್ಲವೆಂಬುದನ್ನು ಮೊದಲೇ ಎಣಿಸಿ ಆಳುಕಾಳಿನ ಏರ್ಪಾಡು ಮಾಡಿಕೊಳ್ಳದೆ, ಆಮೇಲೆ ಮಕ್ಕಳನ್ನು ದೂರುವುದು ನ್ಯಾಯವಲ್ಲ.

ಹಣದ ವಿಷಯ. ಮೂರು ತಿಂಗಳಿಗೆ ಮೀರಿ ಹಾಲೆಂಡಿನಲ್ಲಿರುವವರಿಗೆ ಪ್ರವೇಶದ ಅನುಮತಿಯನ್ನೂ ವಾಸದ ಅನುಮತಿಯನ್ನೂ ಅಲ್ಲಿಯ ವಿಶ್ವವಿದ್ಯಾನಿಲಯವೇ ಸರ್ಕಾರದಿಂದ ಕೇಳಿ ಕೊಡಿಸುವುದು. ವಿದ್ಯಾರ್ಥಿಯು ನೇರವಾಗಿ ಅರ್ಜಿ ಹಾಕುವ ಪದ್ಧತಿಯಿಲ್ಲ. ಆ ಅರ್ಜಿಗೆ ಮುನ್ನ, ಅಲ್ಲಿರುವ ಅಷ್ಟೂ ತಿಂಗಳ ಜೀವನಕ್ಕೆ ಬೇಕಾದ ಮೊಬಲಗು ಇದೆಯೆಂದು ತೋರಿಸಬೇಕು. ಈ ಮೊಬಲಗು ವರ್ಷೇ ವರ್ಷೇ ಬದಲಾಗುವುದರಿಂದ ಅರ್ಜಿಯ ವರ್ಷದ ಅಂಕಿಯನ್ನೇ ನೋಡಬೇಕು. ಹೆಚ್ಚು ಹಣವನ್ನು ತಿನ್ನುವುದು ಕೊಠಡಿಯ ಬಾಡಿಗೆ. ವಾರಕ್ಕೆ 16 ಗಂಟೆಗಳವರೆಗೆ ಕೂಲಿ ಕೆಲಸಕ್ಕೆ ಅವಕಾಶವುಂಟು. ಆದರೆ ಕೆಲಸ ಕೊಡುವವನು ಮೊದಲು ಸರ್ಕಾರದ ಪರವಾನಗಿ ಪಡೆದಿರಬೇಕು. ಕೂಲಿ ಸಂಪಾದಿಸಿ ಖರ್ಚು ತೂಗಿಸುವೆನೆಂದು ಹುಡುಗನು ಹೇಳಿದರೆ ಅದನ್ನು ಆದಾಯದ ಪಟ್ಟಿಗೆ ಸೇರಿಸಬಾರದು. ಕೆಲಸಕ್ಕೆ ಸೇರಿದರೆ ಆ ದೇಶದ ಆರೋಗ್ಯ ವಿಮೆಯನ್ನೂ ಕಡ್ಡಾಯವಾಗಿ ಮಾಡಿಸಬೇಕಾಗುವುದು. ಕೇವಲ ಓದುವವರು ಹೊರಡುವ ಮುನ್ನವೇ ಖಾಸಗಿ ವಿಮೆಯನ್ನು ಮಾಡಿಸಿಕೊಂಡರೆ ಸಾಕು.

ಜಮೀನನ್ನು ಆಧಾರವಾಗಿಟ್ಟು ಬ್ಯಾಂಕಿನಲ್ಲಿ ವಿದ್ಯಾಭ್ಯಾಸದ ಸಾಲ ಎತ್ತೋಣವೆಂದು ಹಿಡುವಳಿದಾರರು ಯೋಚಿಸುವುದು ಸಹಜ. ಆದರೆ 2002ರ ಸರ್ಫೇಸಿ ಕಾಯಿದೆಯ 31ನೆಯ ಪ್ರಕರಣದ ಪ್ರಕಾರ ವ್ಯವಸಾಯದ ಜಮೀನಿನ ಮೇಲಿನ ಆಧಾರವನ್ನು ಆ ಕಾಯಿದೆಯಡಿ ಜಾರಿಮಾಡಲು ಬ್ಯಾಂಕಿಗೆ ಬರುವುದಿಲ್ಲ. ಆದುದರಿಂದಲೇ ಹತ್ತು ಎಕರೆ ತೋಟವಿದ್ದವರ ಅರ್ಜಿಗೂ ಬ್ಯಾಂಕಿನವರು ಪಟ್ಟಣದ ಮನೆ ಅಥವಾ ನಿವೇಶನವನ್ನು ಕೇಳುವುದು. ಇದು ರೈತನ ರಕ್ಷಣೆಗೆಂದೇ ಇಟ್ಟ ವಿಧಿ. ಅದರಿಂದ ಬೇಸತ್ತು ಊರಿನ ಲೇವಾದೇವಿಗಾರರಿಗೆ ಜಮೀನಿನ ಪತ್ರವನ್ನು ಬರೆದುಕೊಟ್ಟರೆ ಆ ರಕ್ಷಣೆಯನ್ನು ಕೈಯಾರೆ ಬಿಟ್ಟಂತಾಗುವುದು. ಏಳೂವರೆ ಲಕ್ಷ ರೂಪಾಯಿಗಳವರೆಗಿನ ವಿದ್ಯಾಭ್ಯಾಸದ ಸಾಲಕ್ಕೆ ಆಸ್ತಿಯ ಆಧಾರವಿಲ್ಲದೆಯೇ ಸರ್ಕಾರದ ಖಾತರಿ ದೊರೆಯುವ ಯೋಜನೆಯೊಂದು 2015ರಿಂದ ಇದೆ. ಒಂದು ಸೆಮಿಸ್ಟರಿನ ಅದಲು ಬದಲಿಗೂ ಅದು ಅನ್ವಯಿಸುವುದೇ ಎಂದು ಬ್ಯಾಂಕಿನಲ್ಲಿ ವಿಚಾರಿಸಬೇಕು. ಶುಲ್ಕದ ವಿನಾಯಿತಿಯೂ ಇಲ್ಲದೆ, ವೇತನವೂ ಇಲ್ಲದೆ, ಪದವಿಯನ್ನೂ ಕೊಡದ ಅರ್ಧವರ್ಷಕ್ಕಾಗಿ ನೆಲವನ್ನು ಮಾರುವುದು ವಿವೇಕವಲ್ಲ. ಅಂತಹ ಸಂದರ್ಭದಲ್ಲಿ ಬೇಡವೆನ್ನಲು ತಂದೆತಾಯಿಗಳು ಸಂಕೋಚಪಡಬೇಕಾಗಿಲ್ಲ.

ಕಾಗದಪತ್ರಗಳಲ್ಲಿ ಗ್ರಾಮದ ಮುಖಂಡರ ನೆರವು ಬೇಕಾಗುವುದು ಹೆಸರಿನ ತೊಡಕಿನಲ್ಲಿ. ಜನನದ ದಾಖಲೆಯಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರು ತಂದೆಗಳ ಮೊದಲಕ್ಷರ ಸೇರಿದ ಮತ್ತೊಂದು, ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳನ್ನು ಬಿಡಿಸಿ ಬರೆದ ಮೂರನೆಯದು, ಹೀಗಿರುವ ಮನೆಗಳು ಹೇರಳ. ಇಲ್ಲಿ ಅದರಿಂದ ಯಾರಿಗೂ ಬಾಧಕವಿಲ್ಲ. ಹಾಲೆಂಡಿನಲ್ಲಿ ನಾಲ್ಕು ತಿಂಗಳಿಗೆ ಮೀರಿ ಇರುವವರು ಪುರಸಭೆಯ ಪುಸ್ತಕದಲ್ಲಿ ಹೆಸರು ಬರೆಸಬೇಕು. ಅದಕ್ಕೆ ಜನನ ಪತ್ರವನ್ನು ಕೇಳುವರು. ಆ ಪತ್ರಕ್ಕೆ ರಾಜ್ಯದ ಅಧಿಕಾರಿಗಳ ದೃಢೀಕರಣವೂ, ಆಮೇಲೆ ಕೇಂದ್ರದ ವಿದೇಶಾಂಗ ಇಲಾಖೆಯವರ ಅಪಾಸ್ಟೀಲ್ ಎಂಬ ಮುದ್ರೆಯೂ ಬಿದ್ದಿರಬೇಕು. ಭಾರತವು 2005ರಿಂದ ಈ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿರುವುದರಿಂದ ಬೇರೆ ರಾಯಭಾರ ಕಚೇರಿಗಳಿಗೆ ಅಲೆಯಬೇಕಾಗಿಲ್ಲ. ಜನನವೇ ನೋಂದಣಿಯಾಗಿರದಿದ್ದರೆ, ವರ್ಷ ಮೀರಿದ ನೋಂದಣಿಗೆ ಮೇಲಧಿಕಾರಿಯ ಆಜ್ಞೆ ಬೇಕಾಗಿ ತಿಂಗಳುಗಳು ಹಿಡಿಯುವುವು. ಆಯ್ಕೆಯ ಪಟ್ಟಿ ಬರುವವರೆಗೆ ಕಾಯದೆ ಈ ಕೆಲಸವನ್ನು ಮೊದಲೇ ತೊಡಗಬೇಕು.

ಅವಿಭಕ್ತ ಕುಟುಂಬದಲ್ಲಿ ವಿಭಾಗದ ಮಾತು ನಡೆಯುತ್ತಿದ್ದು, ಹೊರಡುವವನು ವಯಸ್ಕನಾದ ಪಾಲುದಾರನಾಗಿದ್ದರೆ, ನೋಂದಣಿಯ ದಿನ ಅವನ ರುಜು ಬೇಕಾಗುವುದು. ಉಪನೋಂದಣಾಧಿಕಾರಿಯ ಮುಂದೆ ಅಧಿಕಾರಪತ್ರವನ್ನು ಮಾಡಿಟ್ಟು ಹೋಗುವುದು ಸುಲಭ. ಹೋದ ಮೇಲೆ ನೆನಪಾದರೆ ಹೇಗ್ ನಗರದಲ್ಲಿರುವ ಭಾರತದ ರಾಯಭಾರ ಕಚೇರಿಯವರೆಗೂ ಹೋಗಿ ಮಾಡಿಸಬೇಕು.

ವಸತಿಯ ಮಾತನ್ನು ಬೇಗನೆ ಮುಗಿಸಬಹುದು. ವಿದ್ಯಾರ್ಥಿ ಕೊಠಡಿಗಳಿಗೆ ಅಲ್ಲಿ ಅಭಾವವಿದೆ. ಪ್ರವೇಶ ದೊರೆತ ದಿನವೇ ಅರ್ಜಿ ಹಾಕಬೇಕು. ಕೊಠಡಿಯನ್ನು ತೋರಿಸದೆ ಮುಂಗಡವನ್ನು ಕಳುಹಿಸೆನ್ನುವ ಅಪರಿಚಿತರಿಗೆ ಒಂದು ಕಾಸನ್ನೂ ಕಳುಹಿಸಬಾರದು. ಈ ಬಗೆಯ ಮೋಸ ಅಲ್ಲಿಯೂ ಬಹಳ. ಹುಡುಗರೂ ಹುಡುಗಿಯರೂ ಒಂದೇ ಪಡಸಾಲೆಯಲ್ಲಿ ಬೇರೆ ಬೇರೆ ಕೊಠಡಿಗಳಲ್ಲಿದ್ದು ಅಡುಗೆಮನೆಯನ್ನು ಹಂಚಿಕೊಳ್ಳುವುದು ಅಲ್ಲಿ ಸಾಮಾನ್ಯ. ಮಗಳನ್ನು ಕಳುಹಿಸುವವರು ಇದನ್ನು ಮೊದಲೇ ಅರಿತು, ಅವಳೊಡನೆ ಮಾತನಾಡಿ, ಬೇರೆ ಏರ್ಪಾಡು ಬೇಕಾದರೆ ಅರ್ಜಿಯಲ್ಲಿಯೇ ಕೇಳಿಸುವುದು ಲೇಸು. ಇದೊಂದನ್ನೇ ಕಾರಣವಾಗಿ ಹಿಡಿದು ಮಗನನ್ನು ಕಳುಹಿಸಿ ಮಗಳನ್ನು ತಡೆಯುವುದರಲ್ಲಿ ಅರ್ಥವಿಲ್ಲ. ಮಧ್ಯಾಹ್ನ ತಣ್ಣನೆಯ ರೊಟ್ಟಿಯನ್ನು ತಿಂದು ಮುಗಿಸುವ ಜನರ ನಡುವೆ ಬಿಸಿಯೂಟ ಬೇಕೆನ್ನುವವರು ಅಡುಗೆ ಕಲಿತೇ ಹೋಗಬೇಕು. ಡಿಸೆಂಬರಿನಲ್ಲಿ ಬೆಳಗಾಗುವುದು ಎಂಟು ಮುಕ್ಕಾಲಕ್ಕೆ, ಸೂರ್ಯನು ಮುಳುಗುವುದು ನಾಲ್ಕೂವರೆಗೆ. ಹೊಸಬರಿಗೆ ಚಳಿಗಿಂತ ಈ ಕತ್ತಲೆಯೇ ಹೆಚ್ಚು ಬೇಸರವನ್ನು ತರುವುದು. ಸಂಚಾರಕ್ಕೆಲ್ಲ ಬೈಸಿಕಲ್ಲು. ಕತ್ತಲೆಯಲ್ಲಿ ಮುಂದೆಯೂ ಹಿಂದೆಯೂ ದೀಪವಿಲ್ಲದಿದ್ದರೆ ದಂಡ.

ಗಂಟುಮೂಟೆಯ ವಿಷಯದಲ್ಲಿ ಮಾತ್ರ ವ್ಯವಸಾಯಗಾರರ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದುದಿದೆ. ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಯೂರೋಪಿನೊಳಕ್ಕೆ ಒಯ್ಯುವಂತಿಲ್ಲ. ಮನೆಯ ತುಪ್ಪ, ಧಾರವಾಡದ ಪೇಡ ಎರಡೂ ಸುಂಕದ ಕಟ್ಟೆಯಲ್ಲಿಯೇ ಉಳಿಯುವುವು. 2019ರ ಡಿಸೆಂಬರಿನಿಂದ ಹಸಿ ಹಣ್ಣು, ತರಕಾರಿ, ಸೊಪ್ಪು, ಬಿತ್ತನೆಬೀಜಗಳಿಗೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಬಾಳೆ, ತೆಂಗು, ಅನಾನಸು, ಖರ್ಜೂರ, ಡೂರಿಯನ್ ಈ ಐದು ಹಣ್ಣುಗಳಿಗೆ ಮಾತ್ರ ವಿನಾಯಿತಿ. ಇದು ವೃಥಾ ಕಟ್ಟುನಿಟ್ಟಲ್ಲ. ಹಣ್ಣಿನ ನೊಣ ಮೊದಲಾದ ಕೀಟಗಳ ಕಾರಣದಿಂದಲೇ ಯೂರೋಪಿನ ಒಕ್ಕೂಟವು 2014ರ ಮೇ ತಿಂಗಳಲ್ಲಿ ಭಾರತದ ಮಾವನ್ನೂ ನಾಲ್ಕು ತರಕಾರಿಗಳನ್ನೂ ನಿಷೇಧಿಸಿತ್ತು. ಮಾವಿನ ನಿಷೇಧವು ತೆರವಾದುದು 2015ರಲ್ಲಿ. ರಾಗಿಹಿಟ್ಟಿಗೂ ಸಾರಿನ ಪುಡಿಗೂ ಅಡ್ಡಿಯಿಲ್ಲ.

ಹಿಂದಿರುಗುವಾಗಿನ ಎಚ್ಚರಿಕೆ ಇದಕ್ಕಿಂತ ದೊಡ್ಡದು. ಅಲ್ಲಿಯ ಒಳ್ಳೆಯ ಆಲೂಗೆಡ್ಡೆಯನ್ನು ಕಂಡು ನಾಲ್ಕು ಗೆಡ್ಡೆಗಳನ್ನು ಬಟ್ಟೆಯ ನಡುವೆ ಸೇರಿಸಿ ತರುವ ಆಸೆ ರೈತನ ಮಗನಿಗೆ ಬಾರದಿರದು; ತಂದೆಯೇ ಹೇಳಿಕಳುಹಿಸುವುದೂ ಉಂಟು. 2003ರ ಸಸ್ಯ ಸಂಪರ್ಕತಡೆ ಆಜ್ಞೆಯ ಪ್ರಕಾರ ಬಿತ್ತನೆಯ ವಸ್ತುವನ್ನು ಅನುಮತಿಯಿಲ್ಲದೆ ದೇಶದೊಳಕ್ಕೆ ತರಕೂಡದು. ಸ್ವಾಮಿನಾಥನ್ ಅವರು ಹಾಲೆಂಡಿನಲ್ಲಿ ಯಾವ ಹೊಂಬಣ್ಣದ ಕೋಶದ ಜಂತುಹುಳುವಿನ ಮೇಲೆ ಕೆಲಸಮಾಡಿದರೋ ಅದು 1961ರಲ್ಲಿ ನೀಲಗಿರಿಯ ಆಲೂಗೆಡ್ಡೆ ಹೊಲಗಳಲ್ಲಿ ಕಂಡುಬಂದಿತು. ಒಮ್ಮೆ ಮಣ್ಣಿಗೆ ಸೇರಿದರೆ ಅದರ ಕೋಶಗಳು ಬೆಳೆಯಿಲ್ಲದೆಯೂ ಎಷ್ಟೋ ವರ್ಷ ಜೀವದಿಂದಿರುವುವು. ಹಾಸನ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಆಲೂಗೆಡ್ಡೆಯನ್ನು ನಂಬಿದ ಮನೆಗಳೆಷ್ಟು! ಕೊಟ್ಟಿಗೆಯಲ್ಲಿ ಮೆಟ್ಟಿದ ಪಾದರಕ್ಷೆಗಳನ್ನೂ ಹೋಗುವಾಗ ಬರುವಾಗ ಎರಡು ಸಲವೂ ತೊಳೆದು ಒಣಗಿಸಬೇಕು. 2001ರಲ್ಲಿ ಕಾಲುಬಾಯಿ ಜ್ವರವು ಹಬ್ಬಿ ಎರಡೂವರೆ ಲಕ್ಷಕ್ಕೂ ಹೆಚ್ಚು ದನಕರು ಕುರಿಹಂದಿಗಳನ್ನು ಕೊಲ್ಲಿಸಬೇಕಾಗಿ ಬಂದ ದೇಶವದು. ಕೆಸರು ಮೆತ್ತಿದ ಬೂಟನ್ನು ಅಲ್ಲಿಯ ಹೈನುಗಾರರು ತಮ್ಮ ಕೊಟ್ಟಿಗೆಯೊಳಕ್ಕೆ ಬಿಡಲಾರರು.

ಪರೀಕ್ಷೆಗಳು ಮುಗಿದ ಕೂಡಲೇ ಅಂಕಪಟ್ಟಿ ಕೈಗೆ ಬರುವುದಿಲ್ಲ. ಕೆಲವು ವಾರಗಳು ಹಿಡಿಯುವುವು. ಅದನ್ನು ಅಲ್ಲಿಂದ ನೇರವಾಗಿ ಕಾಲೇಜಿನ ವಿಳಾಸಕ್ಕೆ ಕಳುಹಿಸುವಂತೆ ಹೊರಡುವ ಮುನ್ನ ಬರೆದುಕೊಟ್ಟು, ಒಂದು ಪ್ರತಿಯನ್ನು ತನಗೂ ಕೇಳಬೇಕು. ಕೊಠಡಿಯ ಠೇವಣಿಯನ್ನು ಯಾವ ಖಾತೆಗೆ ಹಿಂದಿರುಗಿಸಬೇಕೆಂಬುದನ್ನೂ ಬೀಗದ ಕೈ ಒಪ್ಪಿಸುವಾಗಲೇ ಬರೆಯಿಸಬೇಕು. ಊರಿಗೆ ಬಂದ ವಾರದೊಳಗಾಗಿ ಒಪ್ಪಂದಪತ್ರದ ಮೂಲಪ್ರತಿಯನ್ನೂ ಬದಲಾವಣೆಗಳ ಪತ್ರಗಳನ್ನೂ ಡೀನರ ಕಚೇರಿಗೆ ಒಪ್ಪಿಸಿ, ತಾರೀಖು ಸಹಿತ ಸ್ವೀಕೃತಿಯನ್ನು ಪಡೆದು, ಅಲ್ಲಿ ಓದಿದ ವಿಷಯಗಳು ತನ್ನ ಹೆಸರಿನ ಮುಂದೆ ದಾಖಲಾದುದನ್ನು ವಿದ್ಯಾರ್ಥಿಯು ಸ್ವತಃ ಕಣ್ಣಾರೆ ನೋಡಿಕೊಳ್ಳತಕ್ಕದ್ದು. ಮುಂದಿನ ಸೆಮಿಸ್ಟರಿನ ನೋಂದಣಿಗೆ ಕಡೆಯ ದಿನವು ಅಷ್ಟರೊಳಗೆ ಕಳೆದುಹೋಗುವ ಸಂಭವವಿದ್ದರೆ, ಪರದೇಶದಿಂದಲೇ ಅರ್ಜಿ ಕಳುಹಿಸಿ ಹೆಚ್ಚಿನ ಅವಧಿಯನ್ನು ಕೇಳಿಕೊಂಡಿರಬೇಕು.